ಭೀಮನ ಅಮಾವಾಸ್ಯೆಗೆ ಲಕ್ಸರ್

2027ರ ಆಗಸ್ಟ್ 2ರಂದು ನಾವು ಮೂವರೂ ಊರಿನಲ್ಲಿರುವುದಿಲ್ಲ ಎಂದು ಸಂಕ್ರಾಂತಿಯ ದಿನ ಅಮ್ಮನಿಗೆ ತಿಳಿಸಿದೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಎಷ್ಟು ಖರ್ಚು ಎಂದೂ ಕೇಳಲಿಲ್ಲ. ಸೂರ್ಯಗ್ರಹಣ ಎಂಬ ಮಾತು ಕಿವಿಗೆ ಬಿದ್ದದ್ದೇ ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು. ಸೂರ್ಯಗ್ರಹಣವಾದ ಮೇಲೆ ಅಮಾವಾಸ್ಯೆ ಎನ್ನುವುದಕ್ಕೆ ಪಂಚಾಂಗ ಬೇಕಿಲ್ಲ. ಯಾವ ಮಾಸದ್ದು ಎಂಬುದಷ್ಟೇ ತಿಳಿಯಬೇಕಿತ್ತು. "ಈ ವರ್ಷ ಅಧಿಕ ಜ್ಯೇಷ್ಠ ಇದೆ, ಮುಂದಿನ ವರ್ಷ ಅಧಿಕ ಇಲ್ಲ... ಆಷಾಢ ಮುಗಿಯುವ ದಿನ ಅದು. ಭೀಮನ ಅಮಾವಾಸ್ಯೆ!" ಬೆರಳು ನಿಂತಿತು. "ಗಂಡನ ಪಾದಪೂಜೆ ಮಾಡಬೇಕಾದ ದಿನ, ಸಮುದ್ರ ದಾಟಿ, ಗ್ರಹಣ ನೋಡುವುದಕ್ಕೆ ಹೋಗುತ್ತೀಯಾ?"

ಮೂರು ಆಕ್ಷೇಪ, ಒಂದೇ ಉಸಿರಿನಲ್ಲಿ. ನಮ್ಮವರು ಪತ್ರಿಕೆಯಿಂದ ತಲೆ ಎತ್ತದೆ, "ಪಾದ ನನ್ನ ಜೊತೆಗೇ ಬರುತ್ತದೆ ಅತ್ತೆ, ಪೂಜೆ ಅಲ್ಲೇ ಮಾಡಲಿ ಬಿಡಿ" ಎಂದರು. ಅಮ್ಮ ಎಳ್ಳುಬೆಲ್ಲದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಮ್ಮನಿಗೂ ನನಗೂ ಗ್ರಹಣದ ವಿಷಯದಲ್ಲಿ ಹಳೆಯ ಬಾಕಿಯೊಂದಿದೆ. 1980ರ ಫೆಬ್ರವರಿ 16, ಶನಿವಾರ. ನಾವು ಹುಬ್ಬಳ್ಳಿಯಲ್ಲಿದ್ದೆವು, ನನಗೆ ಏಳು ವರ್ಷ. ಅಂದು ಮಧ್ಯಾಹ್ನದ ಖಗ್ರಾಸ ಗ್ರಹಣದ ನೆರಳು ಅಂಕೋಲಾ ಕಡೆಯಿಂದ ಕರಾವಳಿ ಹತ್ತಿ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದು, ಪುರಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಪೆಟ್ಟಿಗೆಗಟ್ಟಲೆ ಉಪಕರಣ ಹೊತ್ತು ನಮ್ಮ ಸೀಮೆಗೂ, ರಾಯಚೂರು ಜಿಲ್ಲೆಯ ಜವಳಗೇರಾಕ್ಕೂ ಬಂದು ಬೀಡುಬಿಟ್ಟಿದ್ದರು. ನಾವು ಇದ್ದಲ್ಲಿಯೇ ಇದ್ದೆವು, ಬಾಗಿಲು ಹಾಕಿಕೊಂಡು. ಉಪ್ಪಿನಕಾಯಿ ಭರಣಿಯ ಮೇಲೆ, ನೀರಿನ ಕೊಡದ ಮೇಲೆ ದರ್ಭೆ. ಪಶ್ಚಿಮದ ಕಿಟಕಿಗೆ ಬಾಗಿಲಿರಲಿಲ್ಲ, ಅಮ್ಮ ಅದಕ್ಕೆ ಗೋಣಿಚೀಲ ಅಡ್ಡ ಕಟ್ಟಿ ಮೊಳೆ ಹೊಡೆದಿದ್ದಳು.

ಆ ಗೋಣಿಯ ಹೆಣಿಗೆಯ ಸಂದುಗಳಿಂದ ಬಿಸಿಲು ತೂರಿ ಎದುರು ಗೋಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಮೂರು ಗಂಟೆ ದಾಟುವ ಹೊತ್ತಿಗೆ ಚುಕ್ಕಿಗಳು ದುಂಡಗೆ ಉಳಿದಿರಲಿಲ್ಲ. ಒಂದೊಂದೂ ಪುಟ್ಟ ಕುಡುಗೋಲು. ಗೋಡೆಯ ತುಂಬ ನೂರಾರು, ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ನೋಡನೋಡುತ್ತ ಅವು ಉಗುರಿನ ಅಂಚಿನಷ್ಟು ತೆಳ್ಳಗಾದವು, ಆಮೇಲೆ ಗೋಡೆಯೇ ಕಾಣಲಿಲ್ಲ. ಪಕ್ಕದ ಹಿತ್ತಲಿನ ಕೋಳಿಗಳು ಗೂಡಿಗೆ ನುಗ್ಗುವ ಗದ್ದಲ ಕೇಳಿ, ಅದೂ ನಿಂತಿತು. ಎರಡು ನಿಮಿಷದ ಮೇಲೆ ಬೆಳಕು ಬಂದಾಗ ಕುಡುಗೋಲುಗಳು ಮತ್ತೆ ಮೂಡಿದ್ದವು, ಈ ಬಾರಿ ಬೆನ್ನು ತಿರುಗಿಸಿಕೊಂಡು. "ಅಮ್ಮಾ, ಗೋಡೆ ನೋಡು" ಎಂದೆ. ಅವಳು ಒಮ್ಮೆ ನೋಡಿದಳು. ನನ್ನ ತಲೆ ಹಿಡಿದು ಅಡುಗೆಮನೆಯ ಕಡೆಗೆ ತಿರುಗಿಸಿ, "ಅದನ್ನೂ ನೋಡಬಾರದು" ಎಂದಳು. ಪಿಯುಸಿಯಲ್ಲಿ ಸೂಜಿರಂಧ್ರ ಕ್ಯಾಮೆರಾದ ಪಾಠ ಬಂದಾಗ, ಗೋಣಿಚೀಲದ ಒಂದೊಂದು ಸಂದೂ ಒಂದೊಂದು ಕ್ಯಾಮೆರಾ ಆಗಿತ್ತು ಎಂದು ಹೊಳೆದು, ತರಗತಿಯಲ್ಲೇ ಹೊಟ್ಟೆ ಉರಿದುಕೊಂಡೆ.

ಎರಡನೆಯ ಸಲ ತಪ್ಪಿದ್ದಕ್ಕೆ ಅಮ್ಮ ಹೊಣೆಯಲ್ಲ. 2009ರ ಜುಲೈ 22ರ ಗ್ರಹಣಕ್ಕೆ ನಾವು ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿ ಪಟ್ನಾಕ್ಕೆ ಹೋದೆವು; ಅಲ್ಲಿಂದ ತಾರೇಗನಾ ಎಂಬ ಊರು. ಆರ್ಯಭಟನ ಹೆಸರಿನೊಂದಿಗೆ ತಳಕು ಹಾಕಿಕೊಂಡ ಊರು, ಗ್ರಹಣ ಕಾಣಲು ಪ್ರಶಸ್ತ ಸ್ಥಳ ಎಂದು ಪತ್ರಿಕೆಗಳೆಲ್ಲ ಬರೆದಿದ್ದವು. ನಡು ಮಳೆಗಾಲದಲ್ಲಿ ಬಿಹಾರದ ಆಕಾಶವನ್ನು ನಂಬಿದ್ದು ನಮ್ಮ ಪೆದ್ದುತನ. ಬೆಳಗಿನ ಆರೂವರೆಯ ಸುಮಾರಿಗೆ ಮೋಡದ ಹಿಂದೆಯೇ ಕತ್ತಲಾಯಿತು, ಮೋಡದ ಹಿಂದೆಯೇ ಬೆಳಕೂ ಆಯಿತು. ಆರು ವರ್ಷದ ಮಗಳು ನನ್ನ ತೊಡೆಯ ಮೇಲೆ ಮಲಗಿ ಎರಡನ್ನೂ ಕಾಣದೆ ಕಳೆದಳು. ವಾರಾಣಸಿಯಲ್ಲಿ ಆಕಾಶ ತೆರೆದು ಜನ ಕಣ್ತುಂಬ ನೋಡಿದರೆಂದು ಆಮೇಲೆ ತಿಳಿಯಿತು. ಹೋಗುವಾಗ ನಮ್ಮ ರೈಲು ಮುಘಲ್‌ಸರಾಯ್‌ನಲ್ಲಿ ನಿಂತಿತ್ತು. ಅಲ್ಲಿಂದ ವಾರಾಣಸಿ ಹದಿನೈದು ಇಪ್ಪತ್ತು ಕಿಲೋಮೀಟರ್. ಪ್ಲಾಟ್‌ಫಾರ್ಮಿನಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು ಮತ್ತೆ ರೈಲು ಹತ್ತಿದ್ದೆವು.

ಈಗ ಈಜಿಪ್ಟಿನ ಲಕ್ಸರ್ ಏಕೆ ಎಂಬುದಕ್ಕೆ ಉತ್ತರ ಆ ತಾರೇಗನಾದಲ್ಲೇ ಇದೆ. ಗ್ರಹಣಗಳಿಗೆ ಮನೆತನಗಳಿರುತ್ತವೆ. 223 ಚಾಂದ್ರಮಾಸ, ಅಂದರೆ ಹದಿನೆಂಟು ವರ್ಷ ಹನ್ನೊಂದು ದಿನ ಎಂಟು ಗಂಟೆ ಕಳೆದರೆ, ಸೂರ್ಯ, ಚಂದ್ರ, ಭೂಮಿ ಮೂರೂ ಹೆಚ್ಚುಕಡಿಮೆ ಮೊದಲಿನ ಸ್ಥಾನಕ್ಕೆ ಮರಳಿ, ಹಳೆಯ ಗ್ರಹಣದ ತಮ್ಮನೋ ತಂಗಿಯೋ ಹುಟ್ಟುತ್ತದೆ. ಇದಕ್ಕೆ ಸಾರೋಸ್ ಚಕ್ರ ಎನ್ನುತ್ತಾರೆ. ಕೊನೆಯ ಆ ಎಂಟು ಗಂಟೆಯಲ್ಲಿ ಭೂಮಿ ಮೂರನೆಯ ಒಂದು ಸುತ್ತು ಹೆಚ್ಚಿಗೆ ತಿರುಗಿರುವುದರಿಂದ ನೆರಳು ಅಷ್ಟು ದೂರ ಪಶ್ಚಿಮಕ್ಕೆ ಸರಿದು ಬೀಳುತ್ತದೆ. 2009ರ ಜುಲೈ 22ಕ್ಕೆ ಹದಿನೆಂಟು ವರ್ಷ ಹನ್ನೊಂದು ದಿನ ಕೂಡಿಸಿ ನೋಡಿ: 2027ರ ಆಗಸ್ಟ್ 2. ತಾರೇಗನಾದಲ್ಲಿ ಮೋಡ ನುಂಗಿದ ಗ್ರಹಣದ ಮುಂದಿನ ಕುಡಿ ಇದು. ಅದೂ ಆಷಾಢದ ಅಮಾವಾಸ್ಯೆ, ಇದೂ ಆಷಾಢದ್ದೇ. ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು ಮೊದಲ ಬಾರಿಗೆ ಆಸಕ್ತಿ ತೋರಿಸಿದಳು. ತಿಥಿ ತಪ್ಪದೆ ಬರುವವರ ಬಗ್ಗೆ ಅವಳಿಗೆ ಗೌರವ.

ಸಾಮಾನ್ಯರ ಮನೆತನವಲ್ಲ ಇದು, 136ನೆಯ ಸಾರೋಸ್. ಸೂರ್ಯನ ಪಕ್ಕ ಹಾಯುವ ನಕ್ಷತ್ರದ ಬೆಳಕು ಬಾಗುತ್ತದೆಂದು ಖಗೋಳ ವಿಜ್ಞಾನಿ ಎಡಿಂಗ್ಟನ್ ತಂಡದವರು ತೋರಿಸಿಕೊಟ್ಟ 1919ರ ಗ್ರಹಣ ಇದೇ ವಂಶದ್ದು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನವೊಂದು ಆಫ್ರಿಕಾದ ಮೇಲೆ ನೆರಳಿನ ಬೆನ್ನು ಹತ್ತಿ 74 ನಿಮಿಷ ಕತ್ತಲೆಯಲ್ಲೇ ಹಾರಿದ 1973ರ ಗ್ರಹಣವೂ ಇದೇ ವಂಶದ್ದು. ಎಲ್ಲವೂ ದೀರ್ಘಾಯುಷಿಗಳು. 2027ರದ್ದು ಲಕ್ಸರ್ ಸಮೀಪ 6 ನಿಮಿಷ 23 ಸೆಕೆಂಡು ನಿಲ್ಲುತ್ತದೆ; ಈ ಶತಮಾನದಲ್ಲಿ ಉಳಿದಿರುವ ಯಾವ ಖಗ್ರಾಸವೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಜುಲೈ ಮೊದಲಿಗೆ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುವುದರಿಂದ ಸೂರ್ಯ ಕೊಂಚ ಚಿಕ್ಕದು, ಚಂದ್ರ ಆ ದಿನಗಳಲ್ಲಿ ಹತ್ತಿರವಿರುವುದರಿಂದ ಕೊಂಚ ದೊಡ್ಡದು. ಮುಚ್ಚಳ ದೊಡ್ಡದಾದಷ್ಟೂ ಮುಚ್ಚಿರುವ ಹೊತ್ತು ಹೆಚ್ಚು.

ಬೇರೆ ಆಯ್ಕೆಗಳು ಇರಲಿಲ್ಲವೆಂದಲ್ಲ. 2026ರ ಆಗಸ್ಟ್ 12ಕ್ಕೆ ಸ್ಪೇನ್ ಇದೆ. ಅಲ್ಲಿ ಎರಡು ನಿಮಿಷವೂ ಸಿಗುವುದಿಲ್ಲ, ಸೂರ್ಯ ಮುಳುಗುವ ಹೊತ್ತು ಬೇರೆ. 2028ರ ಜುಲೈ 22ಕ್ಕೆ ಸಿಡ್ನಿ. ನಮ್ಮವರ ಅಕ್ಕನ ಮಗ ಅಲ್ಲಿರುವುದರಿಂದ ಹೋಟೆಲಿನ ಖರ್ಚು ಉಳಿಯುತ್ತದೆ ಎಂಬುದು ಅವರ ವಾದ. ಅಲ್ಲಿ ನಾಲ್ಕು ನಿಮಿಷಕ್ಕೂ ಕಡಿಮೆ, ಮೇಲಾಗಿ ಅದು ಅಲ್ಲಿಯ ಚಳಿಗಾಲ. ಭಾರತದಲ್ಲೇ ನೋಡಬೇಕೆಂದರೆ 2034ರ ಮಾರ್ಚ್ 20ರವರೆಗೆ ಕಾದು ಲಡಾಖಿನ ಕಡೆ ಹೋಗಬೇಕು. ಆಗ ನನ್ನ ಮಂಡಿಗಳ ಅಭಿಪ್ರಾಯ ಏನಿರುತ್ತದೋ. ಆಗಸ್ಟ್ ತಿಂಗಳ ಲಕ್ಸರ್‌ನಲ್ಲಿ ಮೋಡ ಎನ್ನುವುದು ಹೆಚ್ಚುಕಡಿಮೆ ಇಲ್ಲ. ನಲವತ್ತು ಡಿಗ್ರಿ ದಾಟಿದ ಬಿಸಿಲಿದೆ, ಇರಲಿ. ಮೋಡವನ್ನು ಕಂಡವಳು ನಾನು.

ಜನವರಿಯಲ್ಲೇ ಹೋಟೆಲ್ ಹುಡುಕಿದೆ. ಲಕ್ಸರ್ ದೇಗುಲದ ಕಡೆಯ ದಡದಲ್ಲಿ ಒಂದು ಕೋಣೆ ಮಾಮೂಲಿ ದರಕ್ಕೇ ಸಿಕ್ಕಿತು. ನಮ್ಮಷ್ಟು ಜಾಣರಿಲ್ಲ ಎಂದು ಒಂಬತ್ತು ದಿನ ಬೀಗಿದೆವು. ಹತ್ತನೆಯ ದಿನ ಹೋಟೆಲಿನಿಂದ ಮಿಂಚಂಚೆ: ತಾಂತ್ರಿಕ ದೋಷದಿಂದ ದರ ತಪ್ಪಾಗಿತ್ತು, ಹೊಸ ದರ ಐದು ಪಟ್ಟು, ಕನಿಷ್ಠ ಐದು ರಾತ್ರಿ ತಂಗಬೇಕು, ಹಣ ಮರಳದು. ಆ ತಾಂತ್ರಿಕ ದೋಷದ ಹೆಸರು ಚಂದ್ರ ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ಜಯನಗರದ ಒಬ್ಬ ಟ್ರಾವೆಲ್ ಏಜೆಂಟರ ಬಳಿ ಹೋದೆವು. ಗ್ರಹಣದ ವಿಶೇಷ ಪ್ಯಾಕೇಜ್, ನೈಲ್ ನದಿಯಲ್ಲಿ ಹಡಗಿನ ವಾಸ, ಮೂರು ಹೊತ್ತೂ ಸಸ್ಯಾಹಾರ. ಬಣ್ಣದ ಹಾಳೆಯಲ್ಲಿ ದಿನದಿನದ ಕಾರ್ಯಕ್ರಮ ಅಚ್ಚಾಗಿತ್ತು. ಆಗಸ್ಟ್ 2ರ ಸಾಲಿಗೆ ಬೆರಳಿಟ್ಟು ನೋಡಿದೆ: ಮಧ್ಯಾಹ್ನ, ಅಬು ಸಿಂಬೆಲ್ ದರ್ಶನ. ಅಬು ಸಿಂಬೆಲ್ ಈಜಿಪ್ಟಿನ ದಕ್ಷಿಣದ ತುತ್ತತುದಿ. ಖಗ್ರಾಸದ ನೆರಳಿನ ಪಟ್ಟಿಯಿಂದ ಎಷ್ಟೋ ಹೊರಗೆ. ಹೇಳಿದೆ. "ಅಲ್ಲೂ ಗ್ರಹಣ ಕಾಣುತ್ತದೆ ಮೇಡಂ, ಸ್ವಲ್ಪ ಕಡಿಮೆ, ಅಷ್ಟೇ" ಎಂದರು ಅವರು, ಊಟಕ್ಕೆ ಉಪ್ಪು ಕಡಿಮೆಯಾದವರಂತೆ.

ಈ "ಸ್ವಲ್ಪ ಕಡಿಮೆ"ಯನ್ನು ಜನರಿಗೆ ವಿವರಿಸುವುದರಲ್ಲೇ ನನ್ನ ಐದು ತಿಂಗಳು ಕಳೆದಿವೆ. ಹುಣ್ಣಿಮೆಯ ಚಂದ್ರನಿಗಿಂತ ಸೂರ್ಯ ಸುಮಾರು ನಾಲ್ಕು ಲಕ್ಷ ಪಟ್ಟು ಪ್ರಕಾಶಮಾನ. ನೂರರಲ್ಲಿ ತೊಂಬತ್ತೊಂಬತ್ತು ಭಾಗ ಮುಚ್ಚಿದರೂ ಉಳಿದ ಒಂದು ಭಾಗ ನಾಲ್ಕು ಸಾವಿರ ಹುಣ್ಣಿಮೆಗಳಿಗೆ ಸಮ; ಅದು ಹಗಲೇ. 2019ರ ಡಿಸೆಂಬರ್ 26ರಂದು ಬೆಂಗಳೂರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸೂರ್ಯ ಮರೆಯಾಗಿದ್ದ. ಕಚೇರಿಗೆ ಹೊರಟ ಎಷ್ಟೋ ಜನರಿಗೆ ಅದು ಗೊತ್ತೇ ಆಗಲಿಲ್ಲ. ಅಂದು ನಾನು ದಕ್ಷಿಣ ಕೊಡಗಿನ ಕುಟ್ಟದ ಬಳಿ ಕಾಫಿ ತೋಟದ ಅಂಚಿನಲ್ಲಿ ನಿಂತು, ಸೂರ್ಯನ ಅಂಚು ಬಳೆಯಂತೆ ಉಳಿಯುವ ಕಂಕಣ ಗ್ರಹಣ ನೋಡಿದೆ. ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಂಕಣದಲ್ಲಿ ಕನ್ನಡಕ ತೆಗೆಯುವ ಕ್ಷಣ ಬರುವುದೇ ಇಲ್ಲ. ಖಗ್ರಾಸದಲ್ಲಿ ಮಾತ್ರ ಬರಿಗಣ್ಣಿಗೆ ಸೂರ್ಯನ ಪ್ರಭಾವಳಿ ಕಾಣುತ್ತದೆ, ದೇವರ ಹಿಂದಿನ ಬೆಳ್ಳಿಯ ಪ್ರಭಾವಳಿಯಂತೆಯೇ ಎಂದು ಕಂಡವರು ಹೇಳುತ್ತಾರೆ. ಪಟ್ಟಿಯ ಒಳಗಿದ್ದರೆ ಅದು. ಹೊರಗಿದ್ದರೆ ಸ್ವಲ್ಪ ಕಡಿಮೆ ಅಲ್ಲ, ಏನೂ ಇಲ್ಲ. ಕೈರೋದಲ್ಲಿ ಇಳಿದು ಅಲ್ಲೇ ಉಳಿದರೂ ಇಲ್ಲ, ಅಲ್ಲಿ ಬರೀ ಪಾರ್ಶ್ವಗ್ರಹಣ.

ಕೊನೆಗೆ ಮಗಳು ಹುಡುಕಿದ್ದು ನೈಲ್‌ನ ಪಶ್ಚಿಮ ದಡದ ಗೆಜೀರಾ ಹಳ್ಳಿಯ ಒಂದು ಅತಿಥಿಗೃಹ. ಮನೆಮಂದಿಯೇ ನಡೆಸುವ, ಏಳೆಂಟು ಕೋಣೆಗಳ ಮನೆ. ನಾವು ಹಣಕ್ಕಿಂತ ಮೊದಲು ಕೇಳಿದ್ದು ತಾರಸಿಯ ವಿಷಯ: ತಾರಸಿ ಇದೆಯೇ, ಅದರ ಮೇಲೆ ಚಪ್ಪರ ಹಾಕಿದ್ದೀರಾ, ಆ ಮಧ್ಯಾಹ್ನ ಬೇರೆಯವರಿಗೆ ಬಾಡಿಗೆಗೆ ಕೊಡುತ್ತೀರಾ. ಯಜಮಾನರು ಅರಬ್ಬಿಯಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದರು, ಮೊಬೈಲ್ ಅದನ್ನು ವಿಚಿತ್ರವಾದ ಕನ್ನಡಕ್ಕೆ ತಿರುಗಿಸುತ್ತಿತ್ತು. "ಛಾವಣಿ ನಿಮ್ಮದು, ನಿಮ್ಮ ತಲೆಯ ಮೇಲೆ" ಎಂದು ಒಮ್ಮೆ ಬಂತು. ಒಪ್ಪಿಗೆ ಎಂದು ತಿಳಿದುಕೊಂಡೆವು. ಗ್ರಹಣಕ್ಕೆ ಅವರ ಮಾತು "ಕುಸೂಫ್". ಗ್ರಹಣ ಹಿಡಿದಿರುವಾಗ ಮಸೀದಿಯಲ್ಲಿ ಅದಕ್ಕೆಂದೇ ಒಂದು ವಿಶೇಷ ನಮಾಜು ಇರುತ್ತದೆ, ತಾವೆಲ್ಲ ಆ ಹೊತ್ತಿಗೆ ಅಲ್ಲಿರಬಹುದು, ನೀವು ಮನೆ ನೋಡಿಕೊಳ್ಳಿ ಎಂದರು. ಈ ಸುದ್ದಿ ಅಮ್ಮನ ಮೇಲೆ ಮಾಡಿದ ಪರಿಣಾಮವನ್ನು ಸಾರೋಸ್ ಚಕ್ರವೂ ಮಾಡಿರಲಿಲ್ಲ. "ಅಂದರೆ ಅವರೂ ಗ್ರಹಣ ಕಾಲದಲ್ಲಿ ಉಣ್ಣುತ್ತ ಕೂರುವವರಲ್ಲ" ಎಂದಳು. ಸಮುದ್ರ ದಾಟುವ ಆಕ್ಷೇಪ ಆವತ್ತಿಗೆ ಬಿದ್ದುಹೋಯಿತು. ಕಾಲು ಭಾಗ ಮುಂಗಡ ಕೊಟ್ಟಿದ್ದೇವೆ. ರದ್ದು ಮಾಡುವ ನಿಯಮಗಳನ್ನು ಈ ಸಲ ನಾನೇ ಕೂತು ಅಕ್ಷರ ಅಕ್ಷರ ಓದಿದೆ.

ರಜೆಯದು ಇನ್ನೊಂದು ಕಥೆ. ನಾನು ಸರ್ಕಾರಿ ನೌಕರಳು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ನಮೂನೆ ಕೇಳಲು ಹೋದಾಗ ವಿಷಯ ನಿರ್ವಾಹಕರು ಪ್ರವಾಸದ ಉದ್ದೇಶ ಕೇಳಿದರು. ಗ್ರಹಣ ವೀಕ್ಷಣೆ ಎಂದೆ. ಪೆನ್ನು ಕೆಳಗಿಟ್ಟು, "ತೀರ್ಥಯಾತ್ರೆ ಎಂದು ಹಾಕೋಣವೇ, ಪ್ರಶ್ನೆ ಬರುವುದಿಲ್ಲ" ಎಂದರು. ಬೇಡ, ಇದ್ದದ್ದನ್ನೇ ಬರೆಯಿರಿ ಎಂದೆ. ಒಂದು ವರ್ಷ ಮುಂಚೆ ಅರ್ಜಿ ತೆಗೆದುಕೊಳ್ಳಲು ಬರುವುದಿಲ್ಲ, ಮೂರು ತಿಂಗಳು ಇರುವಾಗ ಬನ್ನಿ. ಅಷ್ಟರಲ್ಲಿ ದಿನಾಂಕ ಬದಲಾದರೆ ಪರಿಷ್ಕೃತ ಅರ್ಜಿ ಕೊಡಬೇಕಾಗುತ್ತದೆ ಎಂದರು. ಬದಲಾಗುವುದಿಲ್ಲ ಸಾರ್ ಎಂದೆ. "ಹಾಗೆಲ್ಲ ಹೇಳಲು ಬರುವುದಿಲ್ಲ ಮೇಡಂ" ಎಂದು ಅವರು ಮೂವತ್ತು ವರ್ಷದ ಅನುಭವದಿಂದ ತಲೆಯಾಡಿಸಿದರು.

ವಿಮಾನದ ಟಿಕೆಟ್ ಇನ್ನೂ ಆಗಿಲ್ಲ. ಹೊರಡುವ ದಿನಕ್ಕೆ ಹನ್ನೊಂದು ತಿಂಗಳೋ ಹನ್ನೆರಡು ತಿಂಗಳೋ ಇರುವಾಗಷ್ಟೇ ಮಾರಾಟ ತೆರೆಯುತ್ತದೆ. ಕೊಲ್ಲಿಯ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಿ ಕೈರೋ, ಅಲ್ಲಿಂದ ರಾತ್ರಿ ರೈಲಿನಲ್ಲಿ ಲಕ್ಸರ್ ಎಂದು ಮಗಳು ಹಾಕಿದ್ದಾಳೆ. ಜುಲೈ 30ರೊಳಗೆ ಅಲ್ಲಿರಬೇಕು ಎಂಬುದು ನನ್ನ ಹಟ. ವಿಮಾನ ತಡವಾಗಬಹುದು, ರೈಲು ತಡವಾಗಬಹುದು. ನೆರಳು ಮಾತ್ರ ಒಂದು ಗಂಟೆ ಎರಡು ನಿಮಿಷಕ್ಕೆ ಬಂದು ಒಂದು ಗಂಟೆ ಎಂಟಕ್ಕೆ ಹೋಗಿಬಿಡುತ್ತದೆ. ವೀಸಾಕ್ಕೂ ಇನ್ನೂ ಕಾಲವಿದೆ.

ಕನ್ನಡಕ ಮಾತ್ರ ಆಗಲೇ ಸಿದ್ಧ. 2019ರ ಹಳೆಯವು ಕಪಾಟಿನಲ್ಲಿದ್ದವು. ದೀಪಕ್ಕೆ ಹಿಡಿದು ನೋಡಿದರೆ ಎರಡರಲ್ಲಿ ಸೂಜಿಮೊನೆಯಷ್ಟು ತೂತು, ಎಸೆದೆ. ಐಎಸ್‌ಒ 12312-2 ಎಂದು, ಸೂರ್ಯನನ್ನು ನೋಡಲು ಸುರಕ್ಷಿತ ಎನ್ನುವ ಮುದ್ರೆಯಿರುವ ಹೊಸವನ್ನು ಆರು ಕೊಂಡೆ. ಮೂವರಿಗೆ ಆರೇಕೆ ಎಂದು ಕೇಳಿದ ನಮ್ಮವರಿಗೆ, ತಮ್ಮ ಕನ್ನಡಕಗಳನ್ನು ಅವರು ಈ ವರ್ಷ ಎಷ್ಟು ಸಲ ಕಳೆದಿದ್ದಾರೆಂದು ನೆನಪಿಸಿದೆ. ಕನ್ನಡಕಗಳ ಜೊತೆ ಅಡುಗೆಮನೆಯ ಹಿಟ್ಟಿನ ಜರಡಿಯನ್ನೂ ಪಟ್ಟಿಗೆ ಸೇರಿಸಿದ್ದೇನೆ. ಬಿಸಿಲಿಗೆ ಹಿಡಿದರೆ ನೆಲದ ತುಂಬ ಕುಡುಗೋಲು ಬೀಳಬೇಕು.

ಏಪ್ರಿಲ್ 25, ನಾಲ್ಕನೆಯ ಶನಿವಾರ, ರಜೆ. ತ್ಯಾಗರಾಜನಗರದ ನಮ್ಮ ತಾರಸಿಯ ಮೇಲೆ ತಾಲೀಮು ನಡೆಸಿದೆವು. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ನಡುಹಗಲಿನ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕಂಬ ನೆಟ್ಟು ನೋಡುತ್ತಾರೆ. ಲಕ್ಸರ್‌ನಲ್ಲಿ ಗ್ರಹಣದ ಹೊತ್ತಿಗೆ ಸೂರ್ಯ 82 ಡಿಗ್ರಿ ಎತ್ತರದಲ್ಲಿರುತ್ತಾನೆ, ಹೆಚ್ಚುಕಡಿಮೆ ಇದೇ. ಹನ್ನೆರಡು ಗಂಟೆ ಹದಿನೇಳು ನಿಮಿಷದ ಸುಮಾರಿಗೆ ನೀರಿನ ತೊಟ್ಟಿಯ ಪಕ್ಕದ ಕೊಳವೆ ತನ್ನ ನೆರಳನ್ನು ಪೂರಾ ನುಂಗಿಕೊಂಡಿತು. ಹತ್ತೇ ನಿಮಿಷದಲ್ಲಿ ಹಲವು ಯೋಜನೆಗಳು ಕುಸಿದವು. ನಮ್ಮವರ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ ನೆತ್ತಿಯ ಕಡೆ ತಿರುಗಿಸಿದರೆ ಅದರ ಹಿಂಭಾಗ ಕಾಲಿಗೆ ತಾಗುತ್ತದೆ. ಕಣ್ಣಿಟ್ಟು ನೋಡಬೇಕಾದರೆ ಕೆಳಗೆ ಮಲಗಬೇಕು. ಕುರ್ಚಿಯಲ್ಲಿ ಕೂತರೆ ಎರಡು ನಿಮಿಷಕ್ಕೆ ಕತ್ತು ನೋಯುತ್ತದೆ. ಚಾಪೆ ಹಾಸಿ ಅಂಗಾತ ಮಲಗುವುದೇ ಸರಿ ಎಂದಾಯಿತು, ಆದರೆ ಆ ಕಾದ ನೆಲಕ್ಕೆ ಒಂದು ಚಾಪೆ ಸಾಲದು, ಕೆಳಗೆ ಜಮಖಾನೆ ಬೇಕು. ಕ್ಯಾಮೆರಾ ಬೆಂಗಳೂರಿನಲ್ಲೇ ಉಳಿಯುತ್ತದೆ. ನಮ್ಮವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಮೂವರೂ ಸಾಲಾಗಿ ಕನ್ನಡಕ ಹಾಕಿಕೊಂಡು ಮಲಗಿದ್ದಾಗ ಅಮ್ಮ ಕೊಡೆ ಹಿಡಿದು ಮೇಲೆ ಬಂದಳು. ಪಕ್ಕದ ಮನೆಯವರು ಏನಾಯಿತೆಂದು ವಿಚಾರಿಸಿದ್ದರಂತೆ. ಆರು ನಿಮಿಷ ಇಪ್ಪತ್ತು ಸೆಕೆಂಡು ಎಂದರೆ ಎಷ್ಟು ಹೊತ್ತು ಎಂದು ಮಗಳು ಮೊಬೈಲಿನಲ್ಲಿ ಅಳೆಯುತ್ತಿದ್ದಳು. "ಅದಕ್ಕೆ ಮೊಬೈಲ್ ಏಕೆ?" ಎಂದು ಅಮ್ಮ ಕೊಡೆಯ ಕೆಳಗೆ ನಿಂತಲ್ಲೇ ಸೂರ್ಯನ ಸ್ತೋತ್ರ ಶುರು ಮಾಡಿದಳು. 1980ರಲ್ಲಿ ಗೋಣಿಚೀಲದ ಹಿಂದೆ ಕೂತು ಹೇಳಿದ್ದೂ ಅದನ್ನೇ. ನಾವು ಅಲುಗಾಡದೆ ಮಲಗಿ ಕೇಳಿದೆವು. ಮುಗಿದಾಗ ಮಗಳು, "ಅಜ್ಜಿ, ಐದು ನಿಮಿಷ ಐವತ್ತು ಸೆಕೆಂಡು" ಎಂದಳು.

ಅಮ್ಮ ಸ್ವಲ್ಪ ಯೋಚಿಸಿದಳು. "ಅಲ್ಲಿ ಒಂದು ಗಂಟೆ ಎರಡು ನಿಮಿಷ ಎಂದರೆ ಇಲ್ಲಿ ಎಷ್ಟಾಗಿರುತ್ತದೆ?"

"ಮೂರೂ ಮೂವತ್ತೆರಡು."

"ಸರಿ. ಫಲಶ್ರುತಿಯನ್ನು ನಿಧಾನವಾಗಿ ಹೇಳಿದರೆ ಆ ಅರ್ಧ ನಿಮಿಷ ಸರಿಹೋಗುತ್ತದೆ" ಎಂದು ಕೆಳಗಿಳಿದು ಹೋದಳು. ಸಂಜೆ ನೋಡಿದರೆ ನನ್ನ ಪಟ್ಟಿಯ ಕೊನೆಯಲ್ಲಿ, ಜರಡಿಯ ಕೆಳಗೆ, ಅವಳ ಕೈಬರಹದಲ್ಲಿ ಎರಡು ಸಾಲು ಸೇರಿದ್ದವು: ಅರಿಶಿನದ ದಾರ, ಪಾದಪೂಜೆಗೆ ಸಣ್ಣ ತಟ್ಟೆ.